ವಾಪಸ್ ಹೋದವರಿಗೆ ಕಾಲಂ ಇಲ್ಲ

ನಗರದ ರಸ್ತೆ ಕಾಮಗಾರಿಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ತೀರ್ಮಾನಿಸುವ ಆದ್ಯತಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಉಲ್ಲಾಳದ ಬೇವಿನಮರ ಬಸ್ ಸ್ಟಾಪಿನ ಹತ್ತಿರ ಜನ ರಸ್ತೆ ದಾಟಲು ಒಂದು ಸಿಗ್ನಲ್ ಬೇಕೆಂದು ನಮ್ಮ ಕಡೆಯವರು ಕೊಟ್ಟಿದ್ದ ಅರ್ಜಿಯನ್ನು ಕಳೆದ ಆಗಸ್ಟ್‌ನಲ್ಲಿ ನೀವು ತಿರಸ್ಕರಿಸಿದಿರಿ. ಕಾರಣ ಒಂದೇ ಸಾಲಿನಲ್ಲಿತ್ತು: 'ಲಾಭ-ವೆಚ್ಚ ಅನುಪಾತ 0.41. ಒಂದಕ್ಕಿಂತ ಕಡಿಮೆ ಇರುವುದರಿಂದ ಪರಿಗಣಿಸಲಾಗಿಲ್ಲ.' ಅಂದರೆ ಆ ಸಿಗ್ನಲ್‌ನಿಂದ ಊರಿಗೆ ಆಗುವ ನಷ್ಟದಲ್ಲಿ ಅರ್ಧದಷ್ಟೂ ಲಾಭವಿಲ್ಲ ಎಂದು. ಆ ಅಂಕಿಯನ್ನು ನಂಬಬೇಡಿ ಎಂದು ಹೇಳುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಹೀಗೆ ಹೇಳಲು ನೀನು ಯಾರು ಎಂದು ಕೇಳುತ್ತೀರಿ. ಅಲ್ಲಿ ಕುರ್ಚಿ ಹಾಕಿಕೊಂಡು ಕೂತು, ನಿಮ್ಮ ಲೆಕ್ಕಕ್ಕೆ ಜನರನ್ನು ಎಣಿಸಿಕೊಟ್ಟವನು ನಾನೇ.

ನನ್ನ ಹೆಸರು ಮಹದೇವ್. ವಯಸ್ಸು ಇಪ್ಪತ್ತಮೂರು. ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವನು. ಮನೆಯಲ್ಲಿ ಕಷ್ಟವಿತ್ತು ಎಂದು ಬರೆದರೆ ನಿಮಗೆ ಕನಿಕರ ಬರಬಹುದು, ಆದರೆ ಅದು ಸುಳ್ಳು. ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ, ಅಷ್ಟೆ. ಆಮೇಲೆ ಮೊಬೈಲ್ ರಿಪೇರಿ ಅಂಗಡಿ, ನೀರಿನ ಕ್ಯಾನ್ ಗಾಡಿ, ಕೊರಿಯರ್, ಮದುವೆ ಮನೆಗಳ ಲೈಟಿಂಗ್ ಎಂದು ಏಳೆಂಟು ಕೆಲಸ ಹಿಡಿದೆ, ಬಿಟ್ಟೆ. ಹೋದ ಫೆಬ್ರವರಿಯಲ್ಲಿ ನಿಮ್ಮ ಸಮಿತಿಗೆ ಸಮೀಕ್ಷೆ ಮಾಡಿಕೊಡುವ ಒಂದು ಖಾಸಗಿ ಸಂಸ್ಥೆಯವರು ಮೂರು ದಿನದ ಕೆಲಸಕ್ಕೆ ಹುಡುಗರನ್ನು ಕರೆದರು. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ರಸ್ತೆ ಪಕ್ಕ ಕೂತು, ದಾಟುವವರನ್ನು ಎಣಿಸಬೇಕು. ಒಬ್ಬರಿಗೆ ಒಂದು ಗೀಟು. ನಾಲ್ಕು ಗೀಟಿನ ಮೇಲೆ ಒಂದು ಅಡ್ಡ ಗೀಟು ಎಳೆದರೆ ಐದು. ಕಾಲು ಗಂಟೆಗೊಮ್ಮೆ ಹೊಸ ಸಾಲು.

ಆ ಕೆಲಸ ನನಗೆ ಬಹಳ ಹಿಡಿಸಿತು ಎಂದು ಹೇಳಿದರೆ ನಗಬೇಡಿ. ನಮ್ಮ ಬೀದಿಯಲ್ಲಿ ಮೂರು ರೋಡ್ ಹಂಪ್ ಇವೆ. ಮೂರೂ ಒಬ್ಬರೇ ಮುಖಂಡರ ಮನೆಯ ಎದುರು, ಎಡಕ್ಕೊಂದು, ಬಲಕ್ಕೊಂದು, ಗೇಟಿನ ನೇರಕ್ಕೊಂದು. ಶಾಲೆಯ ಎದುರು ಒಂದೂ ಇಲ್ಲ. ಇಂಥ ಊರಿನಲ್ಲಿ ಬೆಳೆದವನಿಗೆ, ಯಾರ ಅಳಿಯ ಯಾರು ಎಂದು ಕೇಳದೆ, ಜಾತಿ ಕೇಳದೆ, ತಲೆ ಎಣಿಸಿ ತೀರ್ಮಾನ ಮಾಡುವ ಸಮಿತಿಯೊಂದು ಇದೆ ಎಂದು ಗೊತ್ತಾದಾಗ ಎಷ್ಟು ಖುಷಿಯಾಗಿರಬೇಕು ಯೋಚಿಸಿ. ಮೇಲ್ವಿಚಾರಕ ಮೋಹನ್ ಕುಮಾರ್ ಅವರು ಮೊದಲ ದಿನ ನಮ್ಮನ್ನು ನಿಲ್ಲಿಸಿಕೊಂಡು ಹೇಳಿದ್ದರು: "ನೋಡ್ರಪ್ಪ, ನೀವು ಹಾಕೋ ಒಂದೊಂದು ಗೀಟೂ ಒಂದು ವೋಟು ಇದ್ದಂಗೆ." ನಾನು ಅದನ್ನು ನಂಬಿದೆ. ಈಗಲೂ ನಾನು ಲೆಕ್ಕವನ್ನು ಬೈಯಲು ಬಂದವನಲ್ಲ. ಲೆಕ್ಕ ಬೇಕು. ಇಲ್ಲದಿದ್ದರೆ ನಮಗೆ ಸಿಗುವುದು ನಾಲ್ಕನೇ ಹಂಪ್, ಅದೂ ಅದೇ ಮನೆಯ ಎದುರು.

ಈಗ ಆ ಜಾಗ ಹೇಗಿದೆ ಎಂದು ಹೇಳುತ್ತೇನೆ, ನೀವು ಬಂದು ನೋಡಿಲ್ಲ ಎಂದು ನನಗೆ ಗೊತ್ತು. ಎರಡು ವರ್ಷದ ಹಿಂದೆ ರಸ್ತೆ ಅಗಲ ಮಾಡಿದರು. ಈಗ ಆ ಕಡೆ ಮೂರು ಸಾಲು, ಈ ಕಡೆ ಮೂರು ಸಾಲು, ನಡುವೆ ಕಬ್ಬಿಣದ ಬೇಲಿ ಹಾಕಿದ ಡಿವೈಡರ್. ಬೇಲಿಯಲ್ಲಿ ಒಂದೇ ಕಡೆ ಎರಡಾಳು ಅಗಲದ ಸಂದು. ನಮ್ಮ ಮನೆಗಳು ಈ ಕಡೆ. ಪೇಟೆಗೆ ಹೋಗುವ ಬಸ್ ಸ್ಟಾಪು, ರೇಷನ್ ಅಂಗಡಿ, ಸರ್ಕಾರಿ ಆರೋಗ್ಯ ಕೇಂದ್ರ ಎಲ್ಲ ಆ ಕಡೆ. ನಮ್ಮ ಬಾಗಿಲಿನಿಂದ ಆರೋಗ್ಯ ಕೇಂದ್ರದ ಬಾಗಿಲಿಗೆ ನೂರ ನಲವತ್ತು ಹೆಜ್ಜೆ. ದಾಟದೆ ಹೋಗಬೇಕೆಂದರೆ ಯು-ಟರ್ನ್ ಹಾಕಿಕೊಂಡು ಎರಡೂವರೆ ಕಿಲೋಮೀಟರ್.

ನನ್ನ ಕುರ್ಚಿ ಇದ್ದದ್ದು ಆರೋಗ್ಯ ಕೇಂದ್ರದ ಕಡೆ, ಬೇವಿನ ಮರದ ಕೆಳಗೆ. ಸೂಚನೆ ಎರಡೇ. ಆ ಕಡೆಯಿಂದ ಹೊರಟು ಈ ಕಡೆ ಕಾಲಿಟ್ಟವರನ್ನು, ಅಥವಾ ಈ ಕಡೆಯಿಂದ ಹೊರಟು ಆ ಕಡೆ ಕಾಲಿಟ್ಟವರನ್ನು ಮಾತ್ರ ಎಣಿಸಬೇಕು. ಕಾಲು ಗಂಟೆ ಮುಗಿಯುವವರೆಗೆ ಕುರ್ಚಿ ಬಿಟ್ಟು ಏಳಬಾರದು.

ಮೊದಲ ಒಂದು ಗಂಟೆಯಲ್ಲೇ ನನಗೆ ಒಂದು ವಿಷಯ ಕಂಡಿತು. ದಾಟುವವರು ಇದ್ದರು, ಜೊತೆಗೆ ದಾಟದವರೂ ಇದ್ದರು. ಬರುತ್ತಾರೆ, ಅಂಚಿನಲ್ಲಿ ನಿಲ್ಲುತ್ತಾರೆ, ಒಂದು ಕಾಲು ಕೆಳಗಿಡುತ್ತಾರೆ, ತೆಗೆಯುತ್ತಾರೆ. ಐದು ನಿಮಿಷ, ಹತ್ತು ನಿಮಿಷ. ಆಮೇಲೆ ಯಾರೋ ಕರೆದರು ಎಂಬಂತೆ ತಿರುಗಿ ನೋಡಿ, ಬಂದ ದಾರಿಯಲ್ಲೇ ಹೋಗಿಬಿಡುತ್ತಾರೆ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಒಬ್ಬ ತಂದೆ ಮೂರು ಸಲ ಬಂದು ಮೂರು ಸಲವೂ ವಾಪಸ್ ಹೋದರು. ಊರುಗೋಲು ಹಿಡಿದ ಒಬ್ಬ ಕಾಲೇಜು ಹುಡುಗಿ ಡಿವೈಡರ್‌ವರೆಗೆ ಬಂದು, ಅಲ್ಲಿ ಸಿಕ್ಕಿಕೊಂಡು, ಹಿಂದಕ್ಕೂ ಹೋಗಲಾಗದೆ ನಿಂತು, ಕೊನೆಗೆ ಹಿಂದಕ್ಕೇ ಹೋದಳು. ಇವರಿಗೆ ಗೀಟು ಹಾಕುವಂತಿಲ್ಲ, ದಾಟಿಲ್ಲವಲ್ಲ. ಆದರೆ ಇವರು ಬರಲೇ ಇಲ್ಲ ಎಂದರೂ ಸುಳ್ಳಾಗುತ್ತದೆ. ನಾನು ಹಾಳೆಯ ಅಂಚಿನಲ್ಲಿ ಒಬ್ಬೊಬ್ಬರಿಗೆ ಒಂದು ಸಣ್ಣ ಸೊನ್ನೆ ಹಾಕುತ್ತಾ ಹೋದೆ.

ಎರಡನೇ ದಿನ ಗುರುವಾರ. ಹನ್ನೊಂದು ಗಂಟೆ ಹೊತ್ತಿಗೆ ಎದುರು ಅಂಚಿಗೆ ನನ್ನ ಸೋದರತ್ತೆ ಬಂದಳು. ಹೆಸರು ರಾಮಕ್ಕ. ಐದನೇ ವಯಸ್ಸಿನಿಂದ ನನ್ನನ್ನು ಸಾಕಿದವಳು, ಈಗ ಐವತ್ತೆಂಟು. ಸೀರೆಗೆ ಕುಚ್ಚು ಕಟ್ಟುವುದು ಅವಳ ಕೆಲಸ. ಗಿರಿನಗರ, ವಿಜಯನಗರದ ಅಂಗಡಿಗಳವರೂ ಅವಳ ಗಂಟನ್ನೇ ಕೇಳಿ ಕಳಿಸುತ್ತಿದ್ದರು. ಗುರುವಾರ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡಿ, ಪುಸ್ತಕಕ್ಕೆ ಮೊಹರು ಹಾಕಿ, ತಿಂಗಳಿಗಾಗುವಷ್ಟು ಮಾತ್ರೆ ಕೊಡುತ್ತಾರೆ. ರೋಗಿಯೇ ಹೋಗಬೇಕು. ಅವಳು ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು ನಿಂತಿದ್ದಳು. ಆರು ಸಾಲು ಗಾಡಿಗಳ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲ. ಫೋನ್ ಮಾಡಿದಳು.

"ಏನೋ ಮಾದೇವ, ಸಾಹುಕಾರ ಕೂತಂಗೆ ಕೂತಿದೀಯ?"

"ಕೆಲಸ ಕಣತ್ತೆ. ಜನ ಎಣಿಸ್ತಾ ಇದೀನಿ."

"ಹಂಗಾದ್ರೆ ನಂದೂ ಒಂದು ಗೀಟು ಹಾಕ್ಕೊಂಡ್ಬಿಡು."

"ದಾಟಿದ್ ಮೇಲೆ ಹಾಕ್ತೀನಿ. ಈಗ್ಲೇ ಹಾಕಿದ್ರೆ ಸುಳ್ಳಾಗುತ್ತೆ."

"ಅಬ್ಬಬ್ಬಾ, ಏನ್ ಧರ್ಮಾತ್ಮನೋ ನೀನು! ಎದ್ದು ಬಂದು ಕೈ ಹಿಡ್ಕೊಂಡು ದಾಟ್ಸು, ಆಮೇಲೆ ಹಾಕ್ಕೊಳ್ಳುವಂತೆ."

"ಹತ್ತು ನಿಮಿಷ ಇರು ಅತ್ತೆ. ಈ ಕಾಲು ಗಂಟೆ ಮುಗೀಲಿ, ಬರ್ತೀನಿ."

"ಬೇಡ ಬಿಡಪ್ಪ, ನಿನ್ ಎಣಿಕೆ ತಪ್ಪೋಗುತ್ತೆ. ನಂಗೇನು ಇದು ಹೊಸ ಜಾಗಾನಾ?"

ಹೊಸ ಜಾಗವಲ್ಲ, ನಿಜ. ಆರೋಗ್ಯ ಕೇಂದ್ರ ಇರುವ ಜಾಗದಲ್ಲಿ ಅವಳು ಹುಡುಗಿಯಾಗಿದ್ದಾಗ ರಾಗಿ ಕೊಯ್ದಿದ್ದಾಳೆ. ಬುತ್ತಿ ಹೊತ್ತುಕೊಂಡು ದಿನಕ್ಕೆ ನಾಲ್ಕು ಸಲ ಇದೇ ದಾರಿ ದಾಟಿದವಳು. ನಾನು ನೋಡುತ್ತಿದ್ದಂತೆ ಒಂದು ಸಲ ಕೆಳಗಿಳಿದಳು. ನೀರಿನ ಟ್ಯಾಂಕರ್ ಒಂದು ಹಾರ್ನ್ ಒತ್ತಿಕೊಂಡೇ ಹೋಯಿತು. ಹತ್ತಿದಳು. ಮತ್ತೆ ಇಳಿದಳು, ಮತ್ತೆ ಹತ್ತಿದಳು. ಅಷ್ಟರಲ್ಲಿ ನನ್ನ ಕಡೆ ಬಸ್ಸು ಬಂದು ಹತ್ತೊಂಬತ್ತು ಜನ ಇಳಿದು ಗುಂಪಾಗಿ ದಾಟಲು ಶುರು ಮಾಡಿದರು. ಎಲ್ಲರಿಗೂ ಗೀಟು ಹಾಕಿ ತಲೆ ಎತ್ತಿದಾಗ ಅತ್ತೆ ಅಲ್ಲಿರಲಿಲ್ಲ. ಅಂಚಿನಲ್ಲಿ ಒಂದು ಸೊನ್ನೆ ಹಾಕಿದೆ.

ಅಧ್ಯಕ್ಷರೇ, ಹುಟ್ಟಿದಾಗಿನಿಂದ ಒಂದು ಕಡೆ ಕೂರದವನು ನಾನು. ಎದ್ದು ಹೋಗಲೇಬೇಕಾಗಿದ್ದ ಆ ಹತ್ತು ನಿಮಿಷ ಮಾತ್ರ ಕದಲದೆ ಕೂತಿದ್ದೆ. ಈ ತಪ್ಪು ನಿಮ್ಮದಲ್ಲ. ಅದನ್ನು ನಿಮ್ಮ ಮೇಲೆ ಹಾಕುವುದೂ ಇಲ್ಲ.

ಸಂಜೆ ಮನೆಗೆ ಬಂದು ಕೇಳಿದೆ, "ಆಸ್ಪತ್ರೆಗೆ ಹೋದ್ಯಾ?" ಕುಚ್ಚು ಕಟ್ಟುತ್ತಾ ತಲೆ ಎತ್ತದೆ ಹೇಳಿದಳು, "ಹೋಗ್ಬಂದೆ." "ಮಾತ್ರೆ ಕೊಟ್ರಾ?" "ಹೂಂ, ಹೋಗ್ಬಂದೆ ಅಂದ್ನಲ್ಲ." ನನ್ನ ಹಾಳೆಯ ಪ್ರಕಾರ ಅವಳು ಹೋಗಿರಲಿಲ್ಲ, ಅವಳ ಬಾಯಿಯ ಪ್ರಕಾರ ಹೋಗಿ ಬಂದಿದ್ದಳು. ನಾನು ಬಾಯಿಯನ್ನು ನಂಬಿದೆ. ನಂಬುವುದೇ ಸುಲಭವಾಗಿತ್ತು.

ಮೂರನೇ ದಿನ ಸಂಜೆ ಮೋಹನ್ ಕುಮಾರ್ ಅವರಿಗೆ ಹಾಳೆ ಒಪ್ಪಿಸಿದೆ. ದಾಟಿದವರು ಮೂರು ದಿನಕ್ಕೆ 1,146. ಸೊನ್ನೆಗಳು 412. ಅವರು ಹಾಳೆ ತಿರುಗಿಸಿ ನೋಡಿದರು.

"ಲೋ, ಇದೇನೋ ಅಂಚೆಲ್ಲ ರಂಗೋಲಿ ಚುಕ್ಕಿ ಇಟ್ಟಂಗೆ ಇಟ್ಟಿದೀಯ?"

"ಬಂದು, ನಿಂತು, ದಾಟೋಕಾಗ್ದೆ ವಾಪಸ್ ಹೋದವ್ರು ಸಾರ್."

"ಅದಕ್ಕೆ ಕಾಲಂ ಇದ್ಯಾ?"

"ಇಲ್ಲ ಸಾರ್. ಅದಕ್ಕೇ ಅಂಚಲ್ಲಿ ಹಾಕಿದೀನಿ."

"ಕಾಲಂ ಇಲ್ಲ ಅಂದ್ಮೇಲೆ ಮುಗೀತು. ಕಂಪ್ಯೂಟರ್‌ಗೆ ಎಲ್ಲಿ ಹಾಕ್ಲಿ ಇದನ್ನ? ಕೂತ್ಕೊಂಡು ಫೇರ್ ಕಾಪಿ ಮಾಡ್ಕೊಡು."

"ಸಾರ್, ಇವ್ರು ಬಂದಿದ್ದು ನಿಜ ಸಾರ್."

"ನಿಜ ಕಣಪ್ಪ, ಯಾರ್ ಇಲ್ಲ ಅಂದ್ರು? ಇದು ಕ್ರಾಸಿಂಗ್ ಸರ್ವೆ. ನಿಜದ್ ಸರ್ವೆ ಬಂದಾಗ ಕರೀತೀನಿ ಬಾ."

ಸುತ್ತ ಇದ್ದವರು ನಕ್ಕರು. ನಾನು ಫೇರ್ ಕಾಪಿ ಮಾಡಿಕೊಟ್ಟೆ. ಗೀಟುಗಳನ್ನು ಮಾತ್ರ ಇಳಿಸಿದೆ. ಆದರೆ ಕೊಡುವ ಮೊದಲು ಹಳೆಯ ಹಾಳೆಗಳ ಫೋಟೋ ತೆಗೆದಿಟ್ಟುಕೊಂಡೆ. ಅವು ನನ್ನ ಫೋನಿನಲ್ಲಿವೆ. ಯಾವಾಗ ಬೇಕಾದರೂ ತೋರಿಸುತ್ತೇನೆ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡಬೇಕು. ನನ್ನ ಜೊತೆ ಈ ಕೆಲಸಕ್ಕೆ ಸೇರಿದ್ದ ಗೆಳೆಯನೊಬ್ಬನನ್ನು ಗೋವಿಂದರಾಜನಗರದ ಕಡೆಯ ಒಂದು ತಿರುವಿಗೆ ಹಾಕಿದ್ದರು. ಅವನು ಮೂರು ದಿನವೂ ಟೀ ಅಂಗಡಿಯಲ್ಲಿ ಕೂತು ಫೋನ್ ನೋಡುತ್ತಾ ಮನಸ್ಸಿಗೆ ಬಂದಷ್ಟು ಗೀಟು ಎಳೆದ. "ಗುರು, ಧಾರಾಳವಾಗಿ ಹಾಕೋ, ನಿಮ್ಮಪ್ಪನ ಮನೆ ಗಂಟೇನು ಹೋಗುತ್ತೆ?" ಎಂದು ನನಗೂ ಹೇಳಿದ. ನಿಮ್ಮ ವರದಿಯಲ್ಲಿ ಅವನ ತಿರುವಿಗೆ 1.3 ಬಂದಿದೆ, ಸಿಗ್ನಲ್ ಮಂಜೂರಾಗಿದೆ. ಅವನ ಹೆಸರು ಕೇಳಬೇಡಿ, ಹೇಳುವುದಿಲ್ಲ. ಆ ಸಿಗ್ನಲ್ ಕಿತ್ತು ಹಾಕಿ ಎಂದೂ ಹೇಳುವುದಿಲ್ಲ, ಅಲ್ಲಿಯೂ ಜನ ದಾಟಬೇಕು. ಟೀ ಅಂಗಡಿಯಲ್ಲಿ ಹುಟ್ಟಿದ ಜನರಿಗೆ ದಾರಿ ಸಿಕ್ಕಿತು, ಬಿಸಿಲಿನಲ್ಲಿ ಬಂದು ನಿಂತಿದ್ದ 412 ಜನ ಹುಟ್ಟಲೇ ಇಲ್ಲ. ಇದನ್ನೇ ನೀವು ಪತ್ರಿಕಾ ಹೇಳಿಕೆಯಲ್ಲಿ 'ರಾಜಕೀಯದ ಸೋಂಕಿಲ್ಲದ, ವೈಜ್ಞಾನಿಕ ಆಯ್ಕೆ' ಎಂದು ಕರೆದಿದ್ದೀರಿ.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ ಅತ್ತೆ ಒಲೆಯ ಮುಂದೆ ಕುಸಿದಳು. ಪಾರ್ಶ್ವವಾಯು. ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ಆಸ್ಪತ್ರೆಯಲ್ಲಿ ಬಿಪಿ ಪುಸ್ತಕ ಕೇಳಿದರು. ಮನೆಗೆ ಬಂದು ಹುಡುಕಿದೆ. ಅದೇ ಪ್ಲಾಸ್ಟಿಕ್ ಕವರಿನಲ್ಲಿತ್ತು. ಕೊನೆಯ ಮೊಹರು ಜನವರಿಯದು. ಫೆಬ್ರವರಿಯಿಂದ ಎಂಟು ತಿಂಗಳು ಪುಟ ಖಾಲಿ. ಆ ಎಂಟು ತಿಂಗಳೂ ನಾನು ಕೇಳಿದ್ದೆ, ಅವಳು "ಹೋಗ್ಬಂದೆ" ಎಂದಿದ್ದಳು. ಪಕ್ಕದ ಮನೆಯ ಕುಸುಮಾ ಆಂಟಿ ಆಮೇಲೆ ಹೇಳಿದರು: "ತಿಂಗಳಿಗೊಂದ್ಸಲ ರೆಡಿಯಾಗಿ ಹೋಗೋರು ಕಣೋ, ರಸ್ತೆ ತನಕ. ಸ್ವಲ್ಪ ಹೊತ್ತು ನಿಂತು ಬಂದ್ಬಿಡೋರು. ತಲೆ ಸುತ್ತಿದ ದಿನ ನನ್ ಹತ್ರ ಅಂಗಡಿಯಿಂದ ಎರಡು ಮಾತ್ರೆ ತರಿಸ್ಕೊಳ್ಳೋರು. ಮಾದೇವಂಗೆ ಹೇಳ್ಬೇಡ, ಕೆಲಸ ಬಿಟ್ಟು ಬರ್ತಾನೆ, ಮೊದ್ಲೇ ಅವನು ಎಲ್ಲೂ ನಿಲ್ಲೋನಲ್ಲ ಅಂದಿದ್ರು." ಮಾತ್ರೆ ಬಿಟ್ಟದ್ದರಿಂದಲೇ ಹೀಗಾಯಿತು ಎಂದು ಡಾಕ್ಟರು ಖಚಿತವಾಗಿ ಹೇಳಲಿಲ್ಲ, 'ಆಗಿರಬಹುದು' ಎಂದರು. ನಾನೂ ಅಷ್ಟೇ ಬರೆಯುತ್ತೇನೆ.

ಆಮೇಲೆ ನಾನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ನಿಮ್ಮ ವರದಿ ತರಿಸಿಕೊಂಡೆ. ತೊಂಬತ್ತು ಪುಟ. ನನಗೆ ಅರ್ಥವಾಗಲಿಲ್ಲ. ನಮ್ಮ ಬೀದಿಯ ಪಿಜಿಯಲ್ಲಿ ಇರುವ ದಿವ್ಯ ಎಂಬುವರು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದಾರೆ. ಎರಡು ಭಾನುವಾರ ಕೂತು ಓದಿ ಹೇಳಿದರು. ಎಲ್ಲೋ ಕೂಡುವುದರಲ್ಲಿ ತಪ್ಪಿರಬೇಕು ಎಂಬ ಆಸೆ ನನಗಿತ್ತು.

"ಲೆಕ್ಕ ಎಲ್ಲೂ ತಪ್ಪಿಲ್ಲ ಮಹದೇವ್, ಎಲ್ಲಾ ಸರಿಯಾಗಿ ಕೂಡಿದಾರೆ," ಎಂದರು.

"ಮತ್ತೆ?"

"ಏನನ್ನ ಕೂಡಬೇಕು, ಯಾರಿಗೆ ಎಷ್ಟು ಬೆಲೆ ಅನ್ನೋದನ್ನ ಕೂಡೋಕೆ ಮುಂಚೇನೇ ಡಿಸೈಡ್ ಮಾಡಿಬಿಟ್ಟಿದಾರೆ. ಇಲ್ಲಿ ನೋಡಿ."

ಅನುಬಂಧ ಮೂರರಲ್ಲಿ ತೋರಿಸಿದರು. ಸಿಗ್ನಲ್ ಹಾಕಿದರೆ ಕಾರುಗಳು ನಿಲ್ಲಬೇಕು, ಅದು ನಷ್ಟ. ನಡೆಯುವವರಿಗೆ ಕಾಯುವುದು ಉಳಿಯುತ್ತದೆ, ಅದು ಲಾಭ. ಎರಡನ್ನೂ ಹಣಕ್ಕೆ ತಿರುಗಿಸಬೇಕು. ಕಾರಿನಲ್ಲಿ ಕೂತವರ ಒಂದು ಗಂಟೆಗೆ 212 ರೂಪಾಯಿ. ನಡೆದು ಹೋಗುವವರಿಗೆ 48. 'ಗಳಿಕೆಯಿಲ್ಲದವರು, ಗೃಹಿಣಿಯರು ಮತ್ತು ಹಿರಿಯರಿಗೆ' 16. ಈ ಮೂರು ಸಂಖ್ಯೆಗಳನ್ನು ಯಾವ ಸಭೆಯಲ್ಲಿ, ಯಾರ ಎದುರು ಇಟ್ಟು, ಯಾರ ಒಪ್ಪಿಗೆ ಪಡೆದಿರಿ? ವಿಧಾನಸೌಧದಲ್ಲಿ ಎದ್ದು ನಿಂತು, 'ಈ ಊರಿನಲ್ಲಿ ಹದಿಮೂರು ಮುದುಕಿಯರು ಸೇರಿದರೂ ಒಂದು ಕಾರಿನ ಸೀಟಿಗೆ ಸಮವಿಲ್ಲ' ಎಂದು ಹೇಳುವ ಧೈರ್ಯ ಯಾವ ರಾಜಕಾರಣಿಗಿದೆ? ಮರುದಿನ ಅವರ ಮನೆಯ ಮುಂದೆ ಜನ ನಿಲ್ಲುತ್ತಾರೆ. ಅದೇ ಮಾತನ್ನು ನೀವು ಅನುಬಂಧದಲ್ಲಿ ಒಂದು ಕೋಷ್ಟಕವಾಗಿ ಬರೆದಿದ್ದೀರಿ, ಯಾರೂ ಎಲ್ಲಿಯೂ ನಿಲ್ಲಲಿಲ್ಲ. ಹಂಪ್ ಹಾಕಿಸಿಕೊಂಡ ಮುಖಂಡರನ್ನು ನಾವು ಬೀದಿಯಲ್ಲಿ ಅಡ್ಡ ಹಾಕಿ ಬೈಯಬಹುದು, ಬೈದಿದ್ದೇವೆ. 0.41 ಅನ್ನು ಎಲ್ಲಿ ಅಡ್ಡ ಹಾಕಬೇಕು ಹೇಳಿ. ಅದಕ್ಕೆ ಮನೆಯಿಲ್ಲ, ಗೇಟಿಲ್ಲ, ಮುಂದಿನ ಚುನಾವಣೆಯೂ ಇಲ್ಲ.

ಅತ್ತೆ 'ಗಳಿಕೆಯಿಲ್ಲದವರು' ಸಾಲಿಗೆ ಸೇರುತ್ತಾಳೆ. ಮನೆಯಲ್ಲಿ ಕೂತು ಕುಚ್ಚು ಕಟ್ಟುವುದು ನಿಮ್ಮ ನಮೂನೆಯಲ್ಲಿ ಕೆಲಸವಲ್ಲ. ಮದುವೆ ತಿಂಗಳುಗಳಲ್ಲಿ ಅವಳು ದಿನಕ್ಕೆ ಮೂರು ಸೀರೆ ಮುಗಿಸುತ್ತಿದ್ದಳು. ಆ ಸೀರೆ ಉಟ್ಟುಕೊಂಡು ಕಾರಿನಲ್ಲಿ ಹೋದವರಿಗೆ ಗಂಟೆಗೆ 212.

ಇನ್ನೊಂದು ಪುಟವನ್ನು ನಾನು ಯಾರ ಸಹಾಯವೂ ಇಲ್ಲದೆ ಓದಿದೆ. 'ಸುರಕ್ಷತಾ ಲಾಭ' ಎಂಬ ಶೀರ್ಷಿಕೆ. 'ಸದರಿ ಸ್ಥಳದಲ್ಲಿ ಕಳೆದ ಎರಡು ವರ್ಷಗಳಲ್ಲಿ ಪಾದಚಾರಿ ಸಾವು: ಸೊನ್ನೆ. ಆದುದರಿಂದ ಸುರಕ್ಷತಾ ಲಾಭ ನಗಣ್ಯ.' ಸಾವು ಇಲ್ಲ, ನಿಜ. ಹೆದರಿದವರು ದಾಟಲಿಲ್ಲ, ದಾಟದವರಿಗೆ ಗಾಡಿ ಹೊಡೆಯಲಿಲ್ಲ. ಅವರು ಏನನ್ನು ಬಿಟ್ಟುಕೊಟ್ಟರು ಎಂದು ಯಾರಾದರೂ ಕೇಳಿದಿರಾ? ಒಬ್ಬರು ರೇಷನ್ ಬಿಟ್ಟಿರಬಹುದು, ಒಬ್ಬರು ಮಗುವಿನ ಚುಚ್ಚುಮದ್ದು ಬಿಟ್ಟಿರಬಹುದು. ನಮ್ಮತ್ತೆ ಮಾತ್ರೆ ಬಿಟ್ಟಳು. ದಾಟಿದವರ ಕಾಲಂನಲ್ಲಿ ಅವಳು ಇಲ್ಲ, ಸತ್ತವರ ಕಾಲಂನಲ್ಲೂ ಇಲ್ಲ. ಅಡುಗೆ ಮನೆಯಲ್ಲಿ ಬಿದ್ದವಳನ್ನು ರಸ್ತೆಯ ಲೆಕ್ಕಕ್ಕೆ ಬರೆದುಕೊಳ್ಳುವ ಪದ್ಧತಿ ಎಲ್ಲಿಯೂ ಇಲ್ಲ.

ನವೆಂಬರ್‌ನಲ್ಲಿ ನಿಮ್ಮ ಕಚೇರಿಗೆ ಬಂದಿದ್ದೆ. ನಿಮಗೆ ನೆನಪಿರಲಿಕ್ಕಿಲ್ಲ. ನೀವು ಒರಟಾಗಿ ಮಾತಾಡಲಿಲ್ಲ, ಅದನ್ನೂ ಬರೆಯಬೇಕು. ಕೂರಲು ಹೇಳಿದಿರಿ. ಫೋನಿನಲ್ಲಿದ್ದ ಹಾಳೆಗಳನ್ನು ನೋಡಿದಿರಿ. "ಎಷ್ಟು ಓದಿದೀಯಪ್ಪ?" ಎಂದು ಕೇಳಿದಿರಿ. ಹೇಳಿದೆ. "ನೋಡು, ನಿನ್ನ ಭಾವನೆ ನನಗೆ ಅರ್ಥ ಆಗುತ್ತೆ. ಆದ್ರೆ ದುಡ್ಡು ಇರೋದು ಹನ್ನೆರಡು ಸಿಗ್ನಲ್‌ಗೆ. ಅರ್ಜಿ ಇರೋದು ಮುನ್ನೂರು. ನಾನು ಯಾರ ಮುಖ ನೋಡ್ಲಿ? ಅದಕ್ಕೇ ಮುಖ ನೋಡ್ದೆ ಮಾಡೋ ಪದ್ಧತಿ ತಂದಿರೋದು," ಎಂದಿರಿ. ಸರಿಯಾದ ಮಾತು. ಹನ್ನೆರಡನ್ನು ಮುನ್ನೂರು ಮಾಡಿ ಎಂದು ನಾನು ಕೇಳಲಿಲ್ಲ. ಆಮೇಲೆ ನನ್ನನ್ನು ಸಮಾಧಾನ ಮಾಡಲೆಂದೇ ಇನ್ನೊಂದು ಮಾತು ಸೇರಿಸಿದಿರಿ: "ಅಲ್ಲಿ ಒಂದೂ ಫೇಟಲ್ ಇಲ್ವಲ್ಲ, ಅದು ಒಳ್ಳೇದೇ ಅಲ್ವಾ? ಒಂದೆರಡು ಆಗಿದ್ದಿದ್ರೆ ಸ್ಕೋರ್ ತಾನಾಗೇ ಬರ್ತಿತ್ತು." ನೀವು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ ಎಂದು ನನಗೆ ಗೊತ್ತು. ಅದಕ್ಕೇ ಆ ಮಾತು ಕೇಳಿ ಭಯವಾಯಿತು. ಮೆಟ್ಟಿಲು ಇಳಿಯುವಾಗ ನಾನು, ನಮ್ಮ ಬೀದಿಯಲ್ಲಿ ಯಾರು ಸತ್ತರೆ ಆದೀತು ಎಂದು ಯೋಚಿಸುತ್ತಿದ್ದೆ. ಒಂದು ನಿಮಿಷ ನಿಜವಾಗಿಯೂ ಯೋಚಿಸಿದೆ. ಒಳ್ಳೆಯವರ ಕೈಯಲ್ಲೂ ಇಂಥ ಯೋಚನೆ ಮಾಡಿಸುವ ಪದ್ಧತಿಗೆ ಏನೆಂದು ಹೆಸರಿಡಬೇಕು?

ನಾನು ಇಲ್ಲಿ ಒಂದು ವಿಷಯ ಮುಚ್ಚಿಡಬಹುದಿತ್ತು. ಮುಚ್ಚಿಡಿ ಎಂದು ಬೀದಿಯವರೂ ಹೇಳಿದರು. ಮುಚ್ಚಿಡುವುದಿಲ್ಲ. ನನ್ನ 412 ಸೊನ್ನೆಗಳನ್ನೂ ಸೇರಿಸಿ ದಿವ್ಯ ಅವರು ನಿಮ್ಮ ಪದ್ಧತಿಯಲ್ಲೇ ಲೆಕ್ಕ ಹಾಕಿದರು. 0.58 ಬಂತು. ಇನ್ನೂ ಒಂದು ಮುಟ್ಟುವುದಿಲ್ಲ. ಆಮೇಲೆ ಕಾರಿನವರಿಗೂ ನಡೆಯುವವರಿಗೂ ಒಂದೇ ಬೆಲೆ ಹಾಕಿ ನೋಡಿದರು. ಒಂದನ್ನು ದಾಟಿತು. ಅತ್ತೆಯ ಒಂದು ನಿಮಿಷಕ್ಕೆ ಹೆಚ್ಚು ಬೆಲೆ ಹಾಕಿ ಎಂದು ನಾನು ಕೇಳಿಲ್ಲ. ಎಲ್ಲರ ನಿಮಿಷದಷ್ಟೇ ಹಾಕಿ ಎಂದರೆ ಸಾಕು, ಸಿಗ್ನಲ್ ಬರುತ್ತದೆ. ಬೇಡ ಎಂದರೆ ಬರುವುದಿಲ್ಲ. ಹೀಗಿರುವಾಗ ಸಿಗ್ನಲ್ ಬೇಡವೆಂದು ತೀರ್ಮಾನಿಸಿದ್ದು ಅಂಕಿಯೋ, ನೀವೋ?

ಈಗಿನ ಸ್ಥಿತಿ ಹೇಳುತ್ತೇನೆ. ಪ್ರತಿ ಗುರುವಾರ ಅದೇ ಆರೋಗ್ಯ ಕೇಂದ್ರಕ್ಕೆ ಕೈಕಾಲಿನ ವ್ಯಾಯಾಮ ಮಾಡಿಸುವವರು ಬರುತ್ತಾರೆ. ಮೊದಲ ಆರು ತಿಂಗಳಲ್ಲಿ ಎಷ್ಟು ಬಂತೋ ಅಷ್ಟೇ, ಆಮೇಲೆ ಹೆಚ್ಚು ನಿರೀಕ್ಷೆ ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಆರು ತಿಂಗಳು ಮಾರ್ಚ್‌ಗೆ ಮುಗಿಯುತ್ತದೆ. ಈಗ ಜನವರಿ. ಗಾಲಿಕುರ್ಚಿ ಕಂಡರೆ ಆಟೋದವರು ನಿಲ್ಲಿಸುವುದಿಲ್ಲ. ನಿಲ್ಲಿಸಿದರೂ ನೂರ ನಲವತ್ತು ಹೆಜ್ಜೆಗೆ ಎರಡೂವರೆ ಕಿಲೋಮೀಟರ್ ಸುತ್ತು. ಇದುವರೆಗೆ ಹನ್ನೊಂದು ಗುರುವಾರಗಳಲ್ಲಿ ಐದು ಸಲ ಮಾತ್ರ ಹೋಗಲು ಆಗಿದೆ. ಹೋದ ವಾರ ನಾನೇ ಕುರ್ಚಿ ತಳ್ಳಿಕೊಂಡು ದಾಟಲು ನೋಡಿದೆ. ಡಿವೈಡರ್ ಸಂದಿನಲ್ಲಿ ಗಾಲಿ ಸಿಕ್ಕಿಕೊಂಡಿತು. ಎರಡೂ ಕಡೆ ಗಾಡಿ. ಅತ್ತೆ ಎಡಗೈಯಿಂದ ನನ್ನ ಷರ್ಟು ಹಿಡಿದುಕೊಂಡಳು, ಬಿಡಲೇ ಇಲ್ಲ. ವಾಪಸ್ ಬಂದೆವು.

ಮನೆಗೆ ಬಂದಾಗ ಕುಸುಮಾ ಆಂಟಿ ಬಾಗಿಲಲ್ಲೇ ಕೇಳಿದರು, "ಏನ್ ರಾಮಕ್ಕ, ಆಸ್ಪತ್ರೆ ಆಯ್ತಾ?"

ಅತ್ತೆ ಹೇಳಿದಳು, "ಹೋಗ್ಬಂದೆ."

ಅವಳಿಗೆ ಈಗ ಬರುವುದು ಆ ಒಂದೇ ಮಾತು. ಮಿಕ್ಕಿದ್ದೆಲ್ಲ ಹೋಗಿದೆ. ನೀರು ಬೇಕೆಂದರೂ ಅದೇ, ನೋವಾದರೂ ಅದೇ, ನನ್ನ ಹೆಸರು ಕರೆಯಬೇಕೆಂದರೂ ಅದೇ. ಕೆಲವರಿಗೆ ಹೀಗೆ ಒಂದು ಮಾತು ಉಳಿದುಬಿಡುತ್ತದೆ, ಅದೇ ಯಾಕೆ ಎಂದು ಹೇಳಲಾಗುವುದಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಕೇಳಲಿಲ್ಲ.

ನನ್ನ ಬೇಡಿಕೆ ಉದ್ದವಿಲ್ಲ. ಬೇವಿನಮರ ಸ್ಟಾಪಿನಲ್ಲಿ ಮತ್ತೆ ಎಣಿಕೆ ಮಾಡಿಸಿ. ಬಂದು ವಾಪಸ್ ಹೋದವರಿಗೂ ಹಾಳೆಯಲ್ಲಿ ಒಂದು ಕಾಲಂ ಕೊಡಿ. ನಡೆಯುವವರ ನಿಮಿಷಕ್ಕೂ ಕಾರಿನವರ ನಿಮಿಷಕ್ಕೂ ಒಂದೇ ಬೆಲೆ ಹಾಕಿ. ಹಾಕುವುದಿಲ್ಲ ಎಂದಾದರೆ, ಹಾಕುವುದಿಲ್ಲವೆಂದು ನಿಮ್ಮ ಹೆಸರಿನಲ್ಲಿ ಒಂದು ಸಾಲು ಬರೆದು ಸಹಿ ಮಾಡಿ ಆ ಸ್ಟಾಪಿನಲ್ಲಿ ಅಂಟಿಸಿ, ದಾಟಲಾಗದೆ ನಿಂತವರು ಓದಿಕೊಳ್ಳಲಿ. ಏನೇ ಮಾಡುವುದಿದ್ದರೂ ಮಾರ್ಚ್‌ಗೆ ಮುಂಚೆ ಮಾಡಿ.

ಅದಕ್ಕೂ ಮೊದಲು ಒಂದು ಗುರುವಾರ ಹನ್ನೊಂದು ಗಂಟೆಗೆ ನೀವೇ ನಮ್ಮ ಮನೆಗೆ ಬನ್ನಿ. ಅತ್ತೆಗೆ ಸೀರೆ ಉಡಿಸಿ, ತಲೆ ಬಾಚಿ, ಪುಸ್ತಕವನ್ನು ಕವರಿಗೆ ಹಾಕಿ ಗಾಲಿಕುರ್ಚಿಯಲ್ಲಿ ಕೂರಿಸಿರುತ್ತೇನೆ. ನೀವು ಅವಳನ್ನು ಆ ಕಡೆ ಕರೆದುಕೊಂಡು ಹೋಗಿ. ಪೊಲೀಸ್ ಬೇಡ, ಗಾಡಿ ನಿಲ್ಲಿಸುವ ಸಿಬ್ಬಂದಿ ಬೇಡ, ನೀವಿಬ್ಬರೇ. ನಾನು ಬೇವಿನ ಮರದ ಕೆಳಗೆ ಹಾಳೆ ಹಿಡಿದು ಕೂತಿರುತ್ತೇನೆ. ನೀವು ಕೈ ಬೀಸಿದರೆ ಈ ಸಲ ಎದ್ದು ಬರುತ್ತೇನೆ, ಕಾಲು ಗಂಟೆ ಮುಗಿಯಲಿ ಎನ್ನುವುದಿಲ್ಲ. ದಾಟಿದರೆ ಇಬ್ಬರಿಗೂ ಒಂದೊಂದು ಗೀಟು. ವಾಪಸ್ ಹೋದರೆ ಇಬ್ಬರಿಗೂ ಒಂದೊಂದು ಸೊನ್ನೆ. ಫೇರ್ ಕಾಪಿ ಮಾತ್ರ ಮಾಡಿಕೊಡುವುದಿಲ್ಲ.

ಇಂತಿ,
ಏಳಬೇಕಾದಾಗ ಏಳದೆ ಕೂತಿದ್ದ,
ಮಹದೇವ್
(ನಿಮ್ಮ ವರದಿಯ ಪ್ರಕಾರ 'ಎಣಿಕೆದಾರ ಸಂಖ್ಯೆ 7')
ಉಲ್ಲಾಳ, ರಸ್ತೆಯ ಈ ಕಡೆ